ರಾಕೆಟ್ ಹಾರಿಸಲು ನಮ್ಮ ಕಾಸರಗೋಡಿನ ಕಡಲು ಯಾಕಾಗದು?

ಪ್ರಶ್ನೆ: ನಕ್ಷೆಯಲ್ಲಿ ನೋಡಿದರೆ ಶ್ರೀಹರಿಕೋಟಕ್ಕಿಂತ ಕಾಸರಗೋಡೇ ಭೂಮಧ್ಯರೇಖೆಗೆ ಹತ್ತಿರ. ಹತ್ತಿರವಿದ್ದಷ್ಟೂ ರಾಕೆಟ್ಟಿಗೆ ಅನುಕೂಲ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಮಂಜೇಶ್ವರದಿಂದ ಬೇಕಲದ ಆಚೆಯವರೆಗೆ ಇಷ್ಟುದ್ದ ಕಡಲ ಕಿನಾರೆ ಇದ್ದೂ ಇಸ್ರೋ ಆಂಧ್ರಕ್ಕೆ ಹೋದದ್ದೇಕೆ? ಬೇರೆ ದೇಶಗಳ ಸಂಸ್ಥೆಗಳು ಜಾಗ ಆರಿಸುವುದು ಹೇಗೆ?

ಉತ್ತರ: ಕುಂಬಳೆ ಬೆಡಿಯ (ಜಾತ್ರೆಯ ಸುಡುಮದ್ದು) ರಾತ್ರಿ ಎಲ್ಲರ ಕಣ್ಣೂ ಮೇಲಕ್ಕೆ. ಉರಿದು ಮುಗಿದ ಬಾಣದ ಕಡ್ಡಿ ಯಾರ ಗದ್ದೆಯಲ್ಲಿ, ಯಾರ ಮಾಡಿನ ಮೇಲೆ ಬಿತ್ತು ಎಂದು ಆಗ ಯಾರೂ ವಿಚಾರಿಸುವುದಿಲ್ಲ. ಬಾಹ್ಯಾಕಾಶ ಸಂಸ್ಥೆಗಳು ಜಾಗ ಹುಡುಕುವಾಗ ಕೇಳುವ ಮೊದಲ ಪ್ರಶ್ನೆಯೇ ಅದು: ಕಡ್ಡಿ ಎಲ್ಲಿ ಬೀಳುತ್ತದೆ? ಭೂಮಧ್ಯರೇಖೆಯ ಲೆಕ್ಕ ಬರುವುದು ಅದಾದ ಮೇಲೆ.

ಆದರೂ ನೀವು ಕೇಳಿದ್ದರಿಂದ ಆ ಲೆಕ್ಕವನ್ನೇ ಮೊದಲು ಮುಗಿಸೋಣ. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಭೂಮಧ್ಯರೇಖೆಯ ಮೇಲೆ ಸುಮ್ಮನೆ ನಿಂತ ರಾಕೆಟ್ಟಿಗೂ ಸೆಕೆಂಡಿಗೆ 465 ಮೀಟರ್ ವೇಗ ಪುಕ್ಕಟೆಯಾಗಿ ಸಿಕ್ಕಿರುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ಸರಿದಂತೆ ಇದು ಕಡಿಮೆಯಾಗುತ್ತದೆ. 465ನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿದರೆ ಆಯಿತು. 13.7 ಡಿಗ್ರಿಯ ಶ್ರೀಹರಿಕೋಟಕ್ಕೆ 452 ಮೀಟರ್, 12.5 ಡಿಗ್ರಿಯ ಕಾಸರಗೋಡಿಗೆ 454. ನಿಮ್ಮ ಮಾತು ನಿಜ, ನಮಗೆ 2 ಮೀಟರ್ ಲಾಭ! ಆದರೆ ಕೆಳಕಕ್ಷೆಯಲ್ಲಿ ಉಳಿಯಲು ಬೇಕಾದ ವೇಗ ಸೆಕೆಂಡಿಗೆ ಸುಮಾರು 7,800 ಮೀಟರ್. ಅದರ ಮುಂದೆ ಎರಡು ಮೀಟರ್ ಯಾವ ಲೆಕ್ಕವೂ ಅಲ್ಲ.

ಈಗ ಕಡ್ಡಿಯ ವಿಷಯ. ರಾಕೆಟ್ ಎಂದರೆ ಒಂದರ ಮೇಲೊಂದು ಜೋಡಿಸಿದ ಹಂತಗಳು, ಉರಿದು ಮುಗಿದದ್ದು ಕಳಚಿಕೊಳ್ಳುತ್ತದೆ. ಇಸ್ರೋದ ರಾಕೆಟ್ ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ ಸುಮಾರು 138 ಟನ್ ಘನ ಇಂಧನ ತುಂಬಿರುತ್ತಾರೆ. ಎರಡು ನಿಮಿಷದೊಳಗೆ ಅದು ಉರಿದು ಮುಗಿಯುತ್ತದೆ. ಆಮೇಲೆ ಉಳಿಯುವ ಖಾಲಿ ಉಕ್ಕಿನ ಕೊಳವೆ ಕಳಚಿ, ಹಾರಿದ ಜಾಗದಿಂದ ನೂರಾರು ಕಿ.ಮೀ. ದೂರದಲ್ಲಿ ಬೀಳುತ್ತದೆ. ಎರಡನೆಯ ಹಂತ ಬೀಳುವುದು ಇನ್ನೂ ದೂರ. ಅದು ಅಪಘಾತವಲ್ಲ, ಪ್ರತಿಸಲವೂ ನಡೆಯಬೇಕಾದದ್ದೇ ಹಾಗೆ.

ಕಾಸರಗೋಡಿನಿಂದ ಪೂರ್ವಕ್ಕೆ ಹಾರಿಸಿದರೆ ಏನಾದೀತು? ನಕ್ಷೆಯ ಮೇಲೊಂದು ಗೆರೆ ಎಳೆಯಿರಿ. ಸುಳ್ಯ, ಮಡಿಕೇರಿ, ಮೈಸೂರು, ಕೃಷ್ಣಗಿರಿ, ಚೆಂಗಲ್ಪಟ್ಟು ಎಲ್ಲ ಆ ಗೆರೆಯ ಆಸುಪಾಸಿನಲ್ಲೇ ಇವೆ. ಪೂರ್ವದ ಕಡಲು ಸಿಗಲು ಸುಮಾರು 560 ಕಿ.ಮೀ. ಹೋಗಬೇಕು. ಅಷ್ಟು ದೂರವೂ ಕೆಳಗೆ ಮನೆ, ತೋಟ, ಶಾಲೆ. ರಾಕೆಟ್ ದಾರಿ ತಪ್ಪಿದರೆ ನೆಲದಿಂದ ಸಂಕೇತ ಕಳಿಸಿ ಅದನ್ನು ಗಾಳಿಯಲ್ಲೇ ಒಡೆದುಬಿಡುವ ಏರ್ಪಾಡು ಇರುತ್ತದೆ ನಿಜ. 2010ರ ಡಿಸೆಂಬರ್ 25ರಂದು ಜಿಎಸ್‌ಎಲ್‌ವಿ-ಎಫ್06 ಹಾರಿದ ಒಂದು ನಿಮಿಷದ ಆಸುಪಾಸಿನಲ್ಲೇ ಹತೋಟಿ ತಪ್ಪಿದಾಗ ಹಾಗೆಯೇ ಮಾಡಿದರು. ಚೂರುಗಳೆಲ್ಲ ಬಂಗಾಳ ಕೊಲ್ಲಿಯ ಪಾಲಾದವು. ಇಲ್ಲಿಂದ ಹಾರಿಸಿದ್ದರೆ ಅವು ಬೀಳುತ್ತಿದ್ದದ್ದು ಅಡಿಕೆ ತೋಟಗಳ ಮೇಲೆ.

ಶ್ರೀಹರಿಕೋಟ ಪುಲಿಕಾಟ್ ಸರೋವರಕ್ಕೂ ಕಡಲಿಗೂ ನಡುವಿನ ದ್ವೀಪ. ಜನ ಕಡಿಮೆ. ಪೂರ್ವಕ್ಕೆ ಅಂಡಮಾನ್ ಸಿಗುವವರೆಗೆ ಸುಮಾರು 1,300 ಕಿ.ಮೀ. ಬರೀ ನೀರು. 1969ರಲ್ಲಿ ಈ ಜಾಗವನ್ನು ಆರಿಸಿದರು. 1971ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಮೊದಲ ರಾಕೆಟ್ ಹಾರಿತು.

ಹಾಗೆಂದು ಆ ಜಾಗಕ್ಕೂ ಕೊರತೆ ಇಲ್ಲದಿಲ್ಲ. ಭೂಮಿಯ ಫೋಟೊ ತೆಗೆಯುವ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತಬೇಕು. ಅಂದರೆ ರಾಕೆಟ್ ದಕ್ಷಿಣಕ್ಕೆ ಹೋಗಬೇಕು. ಆ ದಾರಿಗೆ ಶ್ರೀಲಂಕಾ ಅಡ್ಡ. ಹಾಗಾಗಿ ಪಿಎಸ್‌ಎಲ್‌ವಿ ಮೊದಲು ಆಗ್ನೇಯ ದಿಕ್ಕಿಗೆ ಹಾರಿ (ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸಿದರೆ 140 ಡಿಗ್ರಿ), ದ್ವೀಪವನ್ನು ಬಳಸಿ, ಮೇಲೆ ಹೋದಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ಓಡುತ್ತಿರುವ ರಾಕೆಟ್ಟಿನ ದಿಕ್ಕು ತಿರುಗಿಸುವುದಕ್ಕೂ ಇಂಧನ ಬೇಕು. ಅಷ್ಟರಮಟ್ಟಿಗೆ ಉಪಗ್ರಹದ ತೂಕ ಇಳಿಸಬೇಕಾಗುತ್ತದೆ. 320 ಟನ್ನಿನ ಪಿಎಸ್‌ಎಲ್‌ವಿ ಈ ನಷ್ಟವನ್ನು ತಡೆದುಕೊಳ್ಳುತ್ತದೆ. 120 ಟನ್ನಿನ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿ ಒಯ್ಯುವುದೇ ಕೆಳಕಕ್ಷೆಗೆ 500 ಕಿಲೋ. ಅದಕ್ಕೆ ಬಳಸುದಾರಿ ದುಬಾರಿ. ಅದಕ್ಕಾಗಿಯೇ ತಮಿಳುನಾಡಿನ ತೂತುಕುಡಿ ಜಿಲ್ಲೆಯ ಕುಲಶೇಖರಪಟ್ಟಣದಲ್ಲಿ ಎರಡನೆಯ ಉಡಾವಣಾ ಕೇಂದ್ರ. 2024ರ ಫೆಬ್ರವರಿ 28ರಂದು ಅದಕ್ಕೆ ಅಡಿಗಲ್ಲು ಹಾಕಿದರು.

ಇಲ್ಲಿ ಚುರುಕು ಓದುಗರು ತಡೆದು ಕೇಳಬಹುದು: ದಕ್ಷಿಣಕ್ಕೇ ಹಾರಿಸುವುದಾದರೆ ಬೇಕಲ ಯಾಕಾಗದು, ನಮ್ಮ ದಕ್ಷಿಣಕ್ಕೂ ಕಡಲೇ ಅಲ್ಲವೆ? ಒಳ್ಳೆಯ ಪ್ರಶ್ನೆ. ಆದರೆ ಈ ಕಕ್ಷೆಗೆ ಹೋಗುವ ರಾಕೆಟ್ ನೇರ ದಕ್ಷಿಣಕ್ಕಲ್ಲ, ಅದರಿಂದ ಸುಮಾರು 10 ಡಿಗ್ರಿ ಪಶ್ಚಿಮಕ್ಕೆ ವಾಲಬೇಕು. ನಮ್ಮ ಕಿನಾರೆಯಿಂದ ಆ ಗೆರೆ ಎಳೆದರೆ ಲಕ್ಷದ್ವೀಪದ ಮಿನಿಕಾಯ್ ಬಲಕ್ಕೆ ಉಳಿಯುತ್ತದೆ. 900 ಕಿ.ಮೀ. ದಾಟುವಾಗ ಗೆರೆ ಹೋಗಿ ಕೂರುವುದು ಮಾಲ್ಡೀವ್ಸ್ ದ್ವೀಪಮಾಲೆಯ ಮೇಲೆ. ಕುಲಶೇಖರಪಟ್ಟಣದಿಂದ ಎಳೆದ ಗೆರೆಗೆ ಎಡಕ್ಕೆ ಶ್ರೀಲಂಕಾ, ಬಲಕ್ಕೆ ಮಾಲ್ಡೀವ್ಸ್. ನಡುವೆ ತೆರೆದ ಕಡಲು. ಮನೆಯಲ್ಲಿ ಮಕ್ಕಳ ಗೋಲವಿದ್ದರೆ ಒಂದು ದಾರ ಹಿಡಿದು ನೀವೇ ನೋಡಬಹುದು. ಗೋಡೆಯ ನಕ್ಷೆಗಿಂತ ಗೋಲದ ಮೇಲಿನ ದಾರ ಹೆಚ್ಚು ನಿಜ ಹೇಳುತ್ತದೆ.

ಉಳಿದದ್ದು ಪಶ್ಚಿಮ. ಅಲ್ಲಿ ನಮಗೆ ಬೇಕಾದಷ್ಟು ಕಡಲಿದೆ. ನಮ್ಮ ಅಕ್ಷಾಂಶದಲ್ಲೇ ಪಶ್ಚಿಮಕ್ಕೆ ಹೋದರೆ 2,200 ಕಿ.ಮೀ. ಆಚೆ ಸೊಕೋತ್ರಾ ದ್ವೀಪ ಸಿಗುತ್ತದೆ. ಆದರೆ ಆ ಕಡೆ ಹೋಗುವುದೆಂದರೆ ಭೂಮಿಯ ತಿರುಗಾಟಕ್ಕೆ ಎದುರೀಜಿದಂತೆ. ಪುಕ್ಕಟೆ ಸಿಕ್ಕಿದ 454 ಮೀಟರನ್ನು ಮೊದಲು ತೀರಿಸಿ, ಆಮೇಲೆ ಸೊನ್ನೆಯಿಂದ ಶುರುಮಾಡಬೇಕು. ಪೂರ್ವಕ್ಕೆ ಹಾರುವುದಕ್ಕೆ ಹೋಲಿಸಿದರೆ ಸೆಕೆಂಡಿಗೆ 900 ಮೀಟರ್ ನಷ್ಟ. ಈ ನಷ್ಟವನ್ನು ತಿಳಿದೂ ಒಪ್ಪಿಕೊಂಡ ದೇಶ ಇಸ್ರೇಲ್. ಪೂರ್ವಕ್ಕೆ ನೆರೆದೇಶಗಳು ಇರುವುದರಿಂದ 1988ರ ಸೆಪ್ಟೆಂಬರ್ 19ರಂದು ಹಾರಿಸಿದ ಮೊದಲ ಉಪಗ್ರಹ ಒಫೆಕ್-1ರಿಂದಲೇ ಅದು ಮೆಡಿಟರೇನಿಯನ್ ಕಡಲಿನ ಮೇಲೆ ಪಶ್ಚಿಮಕ್ಕೆ ಹಾರಿಸುತ್ತದೆ. ಅಲ್ಲಿಯ ಶಾವಿಟ್ ರಾಕೆಟ್ ಒಯ್ಯಬಲ್ಲದ್ದು ಕೆಲವು ನೂರು ಕಿಲೋ ಮಾತ್ರ. ಬೇರೆ ದಾರಿ ಇದ್ದವರು ಮಾಡುವ ಕೆಲಸವಲ್ಲ ಅದು.

ಹಾಗಾದರೆ ತಿರುವನಂತಪುರದ ಬಳಿಯ ತುಂಬಾ ಎಂಬ ಊರು? ಅದೂ ಕೇರಳದ ಪಶ್ಚಿಮ ಕಿನಾರೆಯೇ, ಭಾರತದ ಬಾಹ್ಯಾಕಾಶ ಕೆಲಸ ಶುರುವಾದದ್ದೇ ಅಲ್ಲಿ. 1963ರ ನವೆಂಬರ್ 21ರಂದು ಅಮೆರಿಕದ ನಾಸಾ ಕೊಟ್ಟ ನೈಕ್-ಅಪಾಚೆ ರಾಕೆಟ್ ಅಲ್ಲಿಂದ ಮೇಲೇರಿತು. ಅದು ಉಪಗ್ರಹ ಹೊತ್ತ ರಾಕೆಟ್ ಅಲ್ಲ. ಮೇಲಿನ ವಾತಾವರಣವನ್ನು ಅಳೆದು, ಕೆಲವೇ ನಿಮಿಷಗಳಲ್ಲಿ ಅರಬ್ಬೀ ಕಡಲಿಗೆ ಬೀಳುವ ಸಣ್ಣ ರಾಕೆಟ್. ಕಕ್ಷೆ ಬೇಕಿಲ್ಲದ ಮೇಲೆ ಪೂರ್ವದ ಹಂಗಿಲ್ಲ. ಆ ಊರು ಆಯ್ಕೆಯಾದದ್ದು ಭೂಮಿಯ ಕಾಂತೀಯ ಮಧ್ಯರೇಖೆ (ಕಾಂತದ ಮುಳ್ಳು ಮೇಲಕ್ಕೂ ಕೆಳಕ್ಕೂ ವಾಲದೆ ಮಟ್ಟವಾಗಿ ನಿಲ್ಲುವ ಗೆರೆ) ಅದರ ಹತ್ತಿರ ಹಾದುಹೋಗುವ ಕಾರಣಕ್ಕೆ. ಭೂಮಧ್ಯರೇಖೆಯೇ ಬೇರೆ, ಇದೇ ಬೇರೆ. ಎರಡನ್ನೂ ಬೆರೆಸುವವರು ಬಹಳ ಜನ.

ಹೊರದೇಶಗಳ ಕಥೆಯೂ ಇದೇ ಲೆಕ್ಕದ ಮೇಲೆ ನಿಂತಿದೆ. ಅಮೆರಿಕ ಪೂರ್ವಕ್ಕೆ ಹಾರಿಸಲು ಫ್ಲೋರಿಡಾ, ಧ್ರುವಕಕ್ಷೆಗೆ ಕ್ಯಾಲಿಫೋರ್ನಿಯಾದ ವಾಂಡೆನ್‌ಬರ್ಗ್ ಇಟ್ಟುಕೊಂಡಿದೆ. ವಾಂಡೆನ್‌ಬರ್ಗ್ ನಾಸಾದ್ದಲ್ಲ, ಅಲ್ಲಿಯ ಬಾಹ್ಯಾಕಾಶ ಪಡೆಯದು. ಫ್ರಾನ್ಸ್ ತನ್ನ ಮೊದಲ ಉಪಗ್ರಹವನ್ನು 1965ರಲ್ಲಿ ಅಲ್ಜೀರಿಯಾದ ಮರಳುಗಾಡಿನಿಂದ ಹಾರಿಸಿತ್ತು. ಅಲ್ಜೀರಿಯಾ ಆಗಲೇ ಸ್ವತಂತ್ರವಾಗಿದ್ದರಿಂದ ಅಲ್ಲಿ ಹೆಚ್ಚು ಕಾಲ ಉಳಿಯುವಂತಿರಲಿಲ್ಲ, ಹಾಗಾಗಿ ದಕ್ಷಿಣ ಅಮೆರಿಕದ ಕೌರುವಿಗೆ ಹೋಯಿತು. 5.2 ಡಿಗ್ರಿ ಅಕ್ಷಾಂಶ, ಪೂರ್ವಕ್ಕೂ ಉತ್ತರಕ್ಕೂ ಕಡಲು. ಜಗತ್ತಿನಲ್ಲೇ ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೆನ್ನಬಹುದು. ನೆಲ ಫ್ರಾನ್ಸಿನದು, ಬಳಸುವುದು ಐರೋಪ್ಯ ಬಾಹ್ಯಾಕಾಶ ಸಂಸ್ಥೆ, ಖರ್ಚಿನಲ್ಲಿ ಅದರದ್ದೂ ಪಾಲು.

ರಷ್ಯಾದ ಬಾಹ್ಯಾಕಾಶ ಸಂಸ್ಥೆ ರೋಸ್ಕಾಸ್ಮೋಸ್‌ನ ಪಾಡು ಬೇರೆ. ಸೋವಿಯತ್ ಒಡೆದಾಗ ಬೈಕನೂರು ಉಡಾವಣಾ ಕೇಂದ್ರ ಕಜಾಕಿಸ್ತಾನದ ಪಾಲಾಯಿತು. ಈಗ ವರ್ಷಕ್ಕೆ 11.5 ಕೋಟಿ ಡಾಲರ್ ಬಾಡಿಗೆ. ಅಲ್ಲಿಂದ ನೇರ ಪೂರ್ವಕ್ಕೆ ಹಾರಿಸಿದರೆ ಖಾಲಿ ಹಂತಗಳು ಬೀಳುವುದು ಚೀನಾದ ಮೇಲೆ. ಹಾಗಾಗಿ ಉತ್ತರಕ್ಕೆ ಓರೆಯಾಗಿ ಹಾರಿಸುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಭೂಮಧ್ಯರೇಖೆಗೆ 51.6 ಡಿಗ್ರಿ ಓರೆಯಲ್ಲಿ ಸುತ್ತುತ್ತಿರುವುದರ ಹಿಂದೆಯೂ ಈ ಓರೆಯೇ ಇದೆ.

ಚೀನಾ ತನ್ನ ಹಳೆಯ ಮೂರು ಕೇಂದ್ರಗಳನ್ನೂ ಯುದ್ಧದ ಭಯದಲ್ಲಿ ಒಳನಾಡಿನಲ್ಲಿ ಕಟ್ಟಿತು. ನಮ್ಮ ಮಡಿಕೇರಿ-ಮೈಸೂರು ಗೆರೆಯಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಅಲ್ಲಿದೆ. ಖಾಲಿ ಹಂತಗಳು ಹಳ್ಳಿಗಳ ಬಳಿ ಬೀಳುವುದು, ಅವುಗಳಲ್ಲಿ ಉಳಿದ ವಿಷಾನಿಲದ ಇಂಧನ ಸೋರುವುದು, ಉಡಾವಣೆಗೆ ಮೊದಲು ಜನರನ್ನು ಮನೆಬಿಡಿಸುವುದು. 1996ರ ಫೆಬ್ರವರಿ 15ರಂದು ಶೀಚಾಂಗ್‌ನಲ್ಲಿ ಲಾಂಗ್ ಮಾರ್ಚ್ 3ಬಿ ರಾಕೆಟ್ ಹಾರಿದ ಕೂಡಲೇ ವಾಲಿ ಹತ್ತಿರದ ಗುಡ್ಡಕ್ಕೆ ಬಡಿದು ಜನ ಸತ್ತರು. ಹೈನಾನ್ ದ್ವೀಪದ ಕಡಲತಡಿಯ ವೆನ್‌ಚಾಂಗ್ ಕೇಂದ್ರದಿಂದ ಮೊದಲ ರಾಕೆಟ್ ಹಾರಿದ್ದು 2016ರಲ್ಲಿ.

ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾಕ್ಕೆ ಜಾಗದ ಕೊರತೆ ಇರಲಿಲ್ಲ. ತೊಡಕು ಮೀನುಗಾರರದ್ದು. ಉಡಾವಣಾ ಕೇಂದ್ರವಿರುವ ತನೆಗಶಿಮಾ ದ್ವೀಪದ ಸುತ್ತಲಿನ ಕಡಲಲ್ಲಿ ಮೀನು ಹಿಡಿಯುವವರ ಸಂಘಗಳ ಜೊತೆಗಿನ ಒಪ್ಪಂದದಿಂದಾಗಿ ಬಹುಕಾಲ ವರ್ಷದ ಕೆಲವು ತಿಂಗಳಷ್ಟೇ ಅಲ್ಲಿಂದ ಉಡಾವಣೆ. ದೋಣಿ ಇಳಿಸದ ದಿನದ ಸಂಪಾದನೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ನಮ್ಮ ಕಿನಾರೆಗೂ ಬಂದೇ ಬರುತ್ತಿತ್ತು. ಬ್ರೆಜಿಲ್‌ನ ಅಲ್ಕಾಂತರಾ ಭೂಮಧ್ಯರೇಖೆಯಿಂದ ಬರೀ 2.3 ಡಿಗ್ರಿ ದೂರ. ಅಕ್ಷಾಂಶವೇ ಎಲ್ಲವೂ ಆಗಿದ್ದರೆ ಅದು ಇಷ್ಟರಲ್ಲಿ ಮೊದಲ ಸಾಲಿನಲ್ಲಿರಬೇಕಿತ್ತು. 2003ರ ಆಗಸ್ಟ್ 22ರಂದು ಅಲ್ಲಿ ಉಡಾವಣಾ ಕಟ್ಟೆಯ ಮೇಲೆಯೇ ರಾಕೆಟ್ ಹೊತ್ತಿಕೊಂಡು 21 ಜನ ತೀರಿಕೊಂಡರು. ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು.

ಇಷ್ಟೆಲ್ಲ ಎಚ್ಚರಕ್ಕೆ ಕಾನೂನಿನ ಕಾರಣವೂ ಇದೆ. 1972ರ ಹೊಣೆಗಾರಿಕೆ ಒಪ್ಪಂದದ ಪ್ರಕಾರ ಬೇರೆ ದೇಶದ ನೆಲದ ಮೇಲೆ ಬಿದ್ದು ಹಾನಿಯಾದರೆ ಹಾರಿಸಿದ ದೇಶವೇ ಹೊಣೆ, ತಪ್ಪು ಯಾರದೆಂಬ ಚರ್ಚೆಯೇ ಇಲ್ಲ. 1978ರಲ್ಲಿ ಸೋವಿಯತ್ ಉಪಗ್ರಹ ಕಾಸ್ಮೋಸ್-954 ಅಣುಸ್ಥಾವರದ ಸಮೇತ ಕೆನಡಾದಲ್ಲಿ ಬಿತ್ತು. ಕೆನಡಾ 60 ಲಕ್ಷ ಡಾಲರ್ ಕೇಳಿತು, 30 ಲಕ್ಷಕ್ಕೆ ಇತ್ಯರ್ಥವಾಯಿತು. 2023ರ ಜುಲೈಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲತಡಿಗೆ ಬಂದುಬಿದ್ದ ದೊಡ್ಡ ಕೊಳವೆ ಪಿಎಸ್‌ಎಲ್‌ವಿಯ ಮೂರನೆಯ ಹಂತದ್ದಾಗಿರುವ ಸಾಧ್ಯತೆಯೇ ಹೆಚ್ಚು ಎಂದು ಅಲ್ಲಿಯ ಬಾಹ್ಯಾಕಾಶ ಸಂಸ್ಥೆ ಹೇಳಿತು. ಯಾರಿಗೂ ಏನೂ ಆಗಿರಲಿಲ್ಲ.

ಕಾಸರಗೋಡಿನಿಂದ ಉಡಾವಣೆ ನೋಡಲು ಹೋಗುವವರಿಗೆ ಒಂದು ಮಾತು. ಚೆನ್ನೈ ರೈಲು ಹಿಡಿದು, ಅಲ್ಲಿಂದ ಗೂಡೂರು ಕಡೆಯ ರೈಲಿನಲ್ಲಿ ಸುಳ್ಳೂರುಪೇಟೆಗೆ ಇಳಿಯಿರಿ. ಮುಂದಿನದು ರಸ್ತೆ. ವೀಕ್ಷಣಾ ಗ್ಯಾಲರಿಗೆ ಇಸ್ರೋ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಿರಬೇಕು, ಗುರುತುಚೀಟಿ ಕೈಯಲ್ಲಿರಬೇಕು. ವಾಪಸು ಟಿಕೆಟ್ ಮಾತ್ರ ಮರುದಿನಕ್ಕೇ ಮಾಡಿಸಬೇಡಿ. ಚಂದ್ರಯಾನ-2 ಹಾರಬೇಕಿದ್ದದ್ದು 2019ರ ಜುಲೈ 15ರ ನಸುಕಿಗೆ. 56 ನಿಮಿಷ ಉಳಿದಿರುವಾಗ ಎಣಿಕೆ ನಿಲ್ಲಿಸಿದರು. ಹಾರಿದ್ದು 22ಕ್ಕೆ.