ಬ್ರಿಟನ್‌ಗೆ ಸೊನ್ನೆ ಬೀಳುವುದು ಸಿಟ್ಟಿನಿಂದಲೋ, ಲೆಕ್ಕದಿಂದಲೋ?

ಓದುಗರ ಪ್ರಶ್ನೆ: ಬೀಟಲ್ಸ್ ಹುಟ್ಟಿದ ದೇಶ ಬ್ರಿಟನ್. ಅಂಥ ದೇಶಕ್ಕೆ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಸೊನ್ನೆ ಅಂಕ ಬರುವುದಾದರೂ ಹೇಗೆ? ಉಳಿದ ದೇಶಗಳೆಲ್ಲ ಸೇರಿ ಬೇಕೆಂದೇ ಸೋಲಿಸುತ್ತವೆಯೇ? ಇದು ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟದ್ದರ, ಅಂದರೆ ಬ್ರೆಕ್ಸಿಟ್‌ನ ಸಿಟ್ಟೇ?

ಉತ್ತರ: ಸಿಟ್ಟು ಇದ್ದರೂ ಇರಬಹುದು, ಆದರೆ ಸೊನ್ನೆಗೆ ಸಿಟ್ಟು ಬೇಕಾಗಿಲ್ಲ. ಯೂರೋವಿಷನ್ ಎಂದರೆ ಪ್ರತಿ ವರ್ಷ ದೇಶಕ್ಕೊಂದು ಹಾಡು ಕಳಿಸಿ, ದೇಶಗಳೇ ಒಂದಕ್ಕೊಂದು ಅಂಕ ಕೊಡುವ ಸ್ಪರ್ಧೆ. ಅದರ ಅಂಕಪಟ್ಟಿ ಕಟ್ಟಿರುವ ರೀತಿಯಲ್ಲೇ ಸೊನ್ನೆ ಅಡಗಿದೆ. ಯಾರೂ ದ್ವೇಷಿಸದ, ಯಾರೂ ಹಚ್ಚಿಕೊಳ್ಳದ ಹಾಡಿಗೆ ಅಲ್ಲಿ ಸಿಗುವುದು ಸೊನ್ನೆಯೇ.

ಮೊದಲು ಲೆಕ್ಕ ನೋಡೋಣ. ಫೈನಲ್‌ನಲ್ಲಿ ಸಾಮಾನ್ಯವಾಗಿ 26 ಹಾಡು. ತನ್ನ ದೇಶದ ಹಾಡಿಗೆ ಮತ ಹಾಕುವಂತಿಲ್ಲ, ಹಾಗಾಗಿ ಫೈನಲ್‌ನಲ್ಲಿರುವ ದೇಶದ ಮುಂದೆ ಉಳಿಯುವುದು 25. ಅದರಲ್ಲಿ ಮೊದಲ ಹತ್ತಕ್ಕೆ ಮಾತ್ರ ಅಂಕ: 12, 10, ಆಮೇಲೆ 8ರಿಂದ 1ರ ತನಕ. ಈ ಕ್ರಮ 1975ರಿಂದ ಇದೆ. ಅಂದರೆ ಅಂಥ ಪ್ರತಿ ದೇಶವೂ 25ರಲ್ಲಿ 15 ಹಾಡಿಗೆ ಸೊನ್ನೆ ಕೊಡಲೇಬೇಕು, ಬೇರೆ ದಾರಿಯೇ ಇಲ್ಲ. ಒಂದು ದೇಶದಲ್ಲಿ ಹತ್ತನೇ ಹಾಡಿಗೆ 3,010 ಮತ, ಹನ್ನೊಂದನೆಯದಕ್ಕೆ 3,000 ಮತ ಬಿತ್ತು ಎನ್ನಿ. ಮೊದಲಿನದಕ್ಕೆ ಒಂದು ಅಂಕ, ಎರಡನೆಯದಕ್ಕೆ ಏನೂ ಇಲ್ಲ. ನಮ್ಮ ಚುನಾವಣೆಯಲ್ಲಿ ಎಲ್ಲ ಕ್ಷೇತ್ರದಲ್ಲೂ ಗೌರವದ ಮೂರನೇ ಸ್ಥಾನ ಪಡೆದ ಪಕ್ಷಕ್ಕೆ ವಿಧಾನಸಭೆಯಲ್ಲಿ ಒಂದು ಕುರ್ಚಿಯೂ ಸಿಗದ ಹಾಗೆ. ಯುರೋಪಿನ ಎಲ್ಲ ದೇಶದಲ್ಲೂ ಹನ್ನೊಂದನೆಯದಾಗಿ ನಿಂತ ಹಾಡು ಮೊತ್ತದ ಪಟ್ಟಿಯಲ್ಲಿ ತಳಕ್ಕೆ ಬೀಳುತ್ತದೆ.

2016ರಿಂದ ಪ್ರತಿ ದೇಶ ಇಂಥ ಎರಡು ಪಟ್ಟಿ ಕೊಡುತ್ತದೆ: ತೀರ್ಪುಗಾರರದ್ದು ಒಂದು, ಜನರದ್ದು ಇನ್ನೊಂದು. ಒಂದೊಂದರಲ್ಲೂ 58 ಅಂಕ. ಇವೆರಡೂ ಅಳೆಯುವುದು ಬೇರೆ ಬೇರೆ ವಿಷಯ, ಗೊಂದಲ ಶುರುವಾಗುವುದೇ ಇಲ್ಲಿ. ತೀರ್ಪುಗಾರರು ಇಷ್ಟವಿರಲಿ ಬಿಡಲಿ ಎಲ್ಲ ಹಾಡನ್ನೂ ಮೊದಲಿನಿಂದ ಕೊನೆಯ ತನಕ ಸಾಲಾಗಿ ಜೋಡಿಸಬೇಕು. ಅಚ್ಚುಕಟ್ಟಾಗಿ ಹಾಡಿದರೆ ಎಂಟನೆಯದೋ ಒಂಬತ್ತನೆಯದೋ ಸ್ಥಾನ ಸಿಕ್ಕೀತು. ಜನ ಹಾಗಲ್ಲ. ಅವರು ದುಡ್ಡು ಕೊಟ್ಟು ಫೋನ್ ಮಾಡಬೇಕು, ಎಸ್ಸೆಮ್ಮೆಸ್ ಕಳಿಸಬೇಕು. ನೂರು ಜನ ಸೋಫಾದ ಮೇಲೆ ಕೂತು 'ಪರವಾಗಿಲ್ಲ, ಚೆನ್ನಾಗಿದೆ' ಅಂದರೆ ಬೀಳುವ ಮತ ಸೊನ್ನೆ. ಮೂರೇ ಜನ ಹುಚ್ಚರಾಗಿ, 2025ರ ಸ್ಪರ್ಧೆಯಲ್ಲಿ ಇದ್ದಂತೆ ತಲಾ ಇಪ್ಪತ್ತು ಮತ ಹಾಕಿದರೆ ಅರವತ್ತು. ಜನಮತದಲ್ಲಿ 'ಪರವಾಗಿಲ್ಲ' ಎಂಬ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ.

ಇದಕ್ಕೆ 2025ರ ಬಾಸೆಲ್ ಫೈನಲ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆತಿಥೇಯ ಸ್ವಿಟ್ಜರ್ಲೆಂಡ್‌ನ ಜೋಯೆ ಮೆ ಎಂಬ ಗಾಯಕಿ ಫ್ರೆಂಚ್‌ನಲ್ಲಿ ಮೆಲುದನಿಯ ಹಾಡು ಹಾಡಿದರು. ತೀರ್ಪುಗಾರರಿಂದ 214 ಅಂಕ, ಅವರ ಪಟ್ಟಿಯಲ್ಲಿ ಎರಡನೇ ಸ್ಥಾನ. ಜನರಿಂದ ಸೊನ್ನೆ. ಸ್ವಿಟ್ಜರ್ಲೆಂಡ್ ಮೇಲೆ ಯುರೋಪಿಗೆ ಯಾವ ಹಗೆಯೂ ಇಲ್ಲ; ಅಷ್ಟೊಂದು ದೇಶಗಳಲ್ಲಿ ಒಂದರಲ್ಲೂ ಆ ಹಾಡು ಜನರ ಮೊದಲ ಹತ್ತಕ್ಕೆ ಹತ್ತಲಿಲ್ಲ, ಅಷ್ಟೇ. ಅದೇ ರಾತ್ರಿ ಬ್ರಿಟನ್‌ನ ರಿಮೆಂಬರ್ ಮಂಡೇ ತಂಡಕ್ಕೆ ತೀರ್ಪುಗಾರರಿಂದ 88, ಜನರಿಂದ ಸೊನ್ನೆ. ಹಿಂದಿನ ವರ್ಷ ಬ್ರಿಟನ್‌ನ ಆಲಿ ಅಲೆಕ್ಸಾಂಡರ್‌ಗೆ 46 ಮತ್ತು ಸೊನ್ನೆ. 2016ರಲ್ಲಿ ಪೋಲೆಂಡ್‌ಗೆ ಆದದ್ದು ಇದರ ಉಲ್ಟಾ: ತೀರ್ಪುಗಾರರಿಂದ ಏಳೇ ಅಂಕ, ಜನರಿಂದ 222.

ಎರಡೂ ಕಡೆ ಸೊನ್ನೆ ಬಿದ್ದದ್ದು 2021ರಲ್ಲಿ, ರಾಟರ್‌ಡ್ಯಾಮ್‌ನಲ್ಲಿ, ಬ್ರಿಟನ್‌ನ ಜೇಮ್ಸ್ ನ್ಯೂಮನ್‌ಗೆ. ಎರಡು ಪಟ್ಟಿಯ ಪದ್ಧತಿ ಬಂದ ಮೇಲೆ ಅದೇ ಮೊದಲು. ಪತ್ರಿಕೆಗಳು ಬ್ರೆಕ್ಸಿಟ್ ಕಡೆ ಬೆರಳು ಮಾಡಿದವು. ಆದರೆ ಆ ರಾತ್ರಿ ಜನಮತದಲ್ಲಿ ಸೊನ್ನೆ ಪಡೆದ ದೇಶ ನಾಲ್ಕು: ಬ್ರಿಟನ್, ಜರ್ಮನಿ, ಸ್ಪೇನ್ ಮತ್ತು ಆತಿಥೇಯ ನೆದರ್‌ಲ್ಯಾಂಡ್ಸ್. ಬ್ರಿಟನ್ ಬಿಟ್ಟರೆ ಉಳಿದ ಮೂರೂ ಐರೋಪ್ಯ ಒಕ್ಕೂಟದ ಒಳಗೇ ಇದ್ದವು! ಈ ನಾಲ್ಕಕ್ಕೂ ಸಮಾನವಾದದ್ದು ಒಂದೇ. ಇವು ಸೆಮಿಫೈನಲ್ ಆಡದೆ ನೇರ ಫೈನಲ್‌ಗೆ ಬಂದವು.

ಆ ನಿಯಮದ ಕಥೆ ಹೀಗಿದೆ. ಸ್ಪರ್ಧೆ ನಡೆಸುವ ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್‌ಗೆ ಹೆಚ್ಚು ಹಣ ಕೊಡುವ ಬ್ರಿಟನ್, ಜರ್ಮನಿ, ಫ್ರಾನ್ಸ್, ಸ್ಪೇನ್‌ಗೆ 2000ದಿಂದ ಫೈನಲ್‌ನಲ್ಲಿ ಖಾಯಂ ಜಾಗ ಸಿಕ್ಕಿತು. 2011ರಲ್ಲಿ ಮರಳಿ ಬಂದ ಇಟಲಿ ಐದನೆಯದು. ಆಯಾ ವರ್ಷದ ಆತಿಥೇಯ ದೇಶಕ್ಕೂ ನೇರ ಜಾಗ. 2004ರಲ್ಲಿ ಸೆಮಿಫೈನಲ್ ಶುರುವಾಯಿತು, 2008ರಿಂದ ಅದು ಎರಡಾಯಿತು. ಸೆಮಿಫೈನಲ್ ಒಂದು ಜರಡಿ ಇದ್ದಂತೆ. ಸಪ್ಪೆ ಹಾಡು ಅಲ್ಲೇ ಉದುರುತ್ತದೆ, ಶನಿವಾರ ರಾತ್ರಿಯ ಅಂಕಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ. ಐರ್ಲೆಂಡ್ ನೋಡಿ. ಏಳು ಸಲ ಗೆದ್ದ ದೇಶ, 1992ರಿಂದ 1994ರ ತನಕ ಸತತ ಮೂರು ವರ್ಷ ಗೆದ್ದಿತ್ತು. ಅದೇ ದೇಶ 2014ರಿಂದ 2017ರ ವರೆಗೆ ಒಮ್ಮೆಯೂ ಫೈನಲ್‌ಗೆ ಬರಲಿಲ್ಲ. ಆದರೂ ಅದನ್ನು 'ಸೊನ್ನೆಯ ದೇಶ' ಎಂದು ಯಾರೂ ಕರೆಯಲಿಲ್ಲ, ಅದರ ಸೋಲು ಮಂಗಳವಾರವೋ ಗುರುವಾರವೋ ಮುಗಿದುಹೋಗುತ್ತಿತ್ತು. ಬ್ರಿಟನ್‌ಗೆ ಆ ಮರೆ ಇಲ್ಲ. ಜರಡಿ ಹಿಡಿಯದ ಹಾಡು ಜರಡಿ ಹಿಡಿದ ಹಾಡುಗಳ ಮಧ್ಯೆ, ಕೋಟ್ಯಂತರ ಜನರ ಕಣ್ಣೆದುರಿಗೆ ನಿಲ್ಲಬೇಕು. ಖಾಯಂ ಜಾಗ ಎಂಬ ಸವಲತ್ತೇ ಮುಖಭಂಗದ ಜಾಗವೂ ಆಗುತ್ತದೆ.

ಹಾಗಂತ ತಪ್ಪನ್ನೆಲ್ಲ ನಿಯಮದ ತಲೆಗೆ ಕಟ್ಟಲೂ ಆಗದು. ಅದೇ 2021ರಲ್ಲಿ ಗೆದ್ದದ್ದು ಇಟಲಿ, ಎರಡನೆಯದು ಫ್ರಾನ್ಸ್. ಎರಡೂ ಜರಡಿ ಇಲ್ಲದೆ ಬಂದವೇ.

ಬ್ರಿಟನ್‌ನ ಹಳೆಯ ದಾಖಲೆ ನೋಡಿದರೆ ಬೆರಗಾಗುತ್ತದೆ. 1957ರಲ್ಲಿ ಮೊದಲ ಸಲ ಹಾಡಿದಂದಿನಿಂದ 1998ರ ತನಕ ಅದು ಮೊದಲ ಹತ್ತರಿಂದ ಹೊರಗೆ ಬಿದ್ದದ್ದು ಎರಡೇ ಸಲ: 1978ರಲ್ಲಿ 11ನೇ ಸ್ಥಾನ, 1987ರಲ್ಲಿ 13ನೇ ಸ್ಥಾನ. ಗೆಲುವು ಐದು, 1967, 1969, 1976, 1981, 1997. ಇದರಲ್ಲಿ 1969ರದ್ದು ನಾಲ್ಕು ದೇಶ 18 ಅಂಕದಲ್ಲಿ ಸಮನಾಗಿ ಹಂಚಿಕೊಂಡದ್ದು. ಎರಡನೇ ಸ್ಥಾನವಂತೂ ಆಗಲೇ ಹದಿನೈದು. 1999ರಿಂದ 2025ರ ವರೆಗೆ ಮೊದಲ ಹತ್ತರೊಳಗೆ ಬಂದದ್ದು ಮೂರೇ ಸಲ: 2002ರಲ್ಲಿ 3, 2009ರಲ್ಲಿ 5, 2022ರಲ್ಲಿ 2. ಒಂದೇ ವರ್ಷದಲ್ಲಿ ದೇಶದ ಪ್ರತಿಭೆ ಬತ್ತುವುದಿಲ್ಲ. ಬದಲಾದದ್ದು ಆಟ.

1977ರಿಂದ 1998ರ ತನಕ ಪ್ರತಿ ದೇಶವೂ ತನ್ನ ಭಾಷೆಯಲ್ಲೇ ಹಾಡಬೇಕಿತ್ತು. ಯುರೋಪಿನ ರೇಡಿಯೊಗಳಲ್ಲಿ ದಿನವಿಡೀ ಓಡುತ್ತಿದ್ದದ್ದು ಇಂಗ್ಲಿಷ್ ಪಾಪ್. ಸ್ಪರ್ಧೆಯಲ್ಲಿ ಇಂಗ್ಲಿಷ್ ಹಾಡುವ ಹಕ್ಕಿದ್ದದ್ದು ಬ್ರಿಟನ್, ಐರ್ಲೆಂಡ್, ಮಾಲ್ಟಾಗೆ. ಐರ್ಲೆಂಡ್‌ನ ಸುವರ್ಣಕಾಲವೂ ಇದೇ ಎಂಬುದು ಕಾಕತಾಳೀಯವಲ್ಲ. 1999ರಲ್ಲಿ ಆ ನಿಯಮ ಹೋಯಿತು, ಅದೇ ವರ್ಷ ಸ್ವೀಡನ್ ಇಂಗ್ಲಿಷ್‌ನಲ್ಲಿ ಹಾಡಿ ಗೆದ್ದಿತು. ಜೊತೆಗೆ 1997ರಲ್ಲಿ ಐದು ದೇಶಗಳಲ್ಲಿ ಫೋನ್ ಮತದ ಪ್ರಯೋಗ ನಡೆದು, ಮರುವರ್ಷ ಬಹುತೇಕ ಎಲ್ಲ ಕಡೆ ಜಾರಿಯಾಯಿತು. ಕೋಣೆಯೊಳಗೆ ಕೂತ ಕೆಲವರಿಗೆ ಒಪ್ಪಿಗೆಯಾದರೆ ಸಾಕಿತ್ತು, ಈಗ ಮನೆಮನೆಯ ಜನರನ್ನು ಎಬ್ಬಿಸಬೇಕಾಯಿತು. ಬ್ರಿಟನ್ ಮಾತ್ರ ಹಳೆಯ ಗತ್ತಿನಲ್ಲೇ ಇತ್ತು.

ಆ ಗತ್ತಿಗೆ ಪೆಟ್ಟು ಬಿದ್ದದ್ದು 2003ರಲ್ಲಿ, ರೀಗಾದಲ್ಲಿ. ಲಿವರ್‌ಪೂಲ್‌ನ ಜೆಮಿನಿ ಎಂಬ ಜೋಡಿ ಶುರುವಿನಲ್ಲೇ ಶ್ರುತಿ ತಪ್ಪಿತು. ಹಿನ್ನೆಲೆ ಸಂಗೀತ ರೆಕಾರ್ಡ್ ಆಗಿರುತ್ತದೆ, ದನಿ ಮಾತ್ರ ನೇರ. ವೇದಿಕೆಯಲ್ಲಿ ಆ ಸಂಗೀತ ತಮಗೆ ಸರಿಯಾಗಿ ಕೇಳಿಸಲಿಲ್ಲ ಎಂದು ಅವರು ಹೇಳಿದರು. ಕಾರಣ ಏನೇ ಇರಲಿ, ಟಿವಿ ಮುಂದೆ ಕೂತವನಿಗೆ ಕೇಳಿದ್ದು ಅಪಶ್ರುತಿಯೇ. 26ನೇ ಸ್ಥಾನ, ಬ್ರಿಟನ್‌ನ ಮೊದಲ ಸೊನ್ನೆ. ಬಿಬಿಸಿಯ ವೀಕ್ಷಕ ವಿವರಣೆಗಾರ ಟೆರಿ ವೋಗನ್ ಇರಾಕ್ ಯುದ್ಧದ ಸಿಟ್ಟು ಎಂದರು, ಅಲ್ಲಿಂದ ಈ 'ನಮ್ಮನ್ನು ಕಂಡರಾಗದು' ಎಂಬ ರಾಗ ಗಟ್ಟಿಯಾಯಿತು. ಹಾಡಿನ ರಾಗ ಸರಿ ಇದ್ದಿದ್ದರೆ ಈ ರಾಗ ಎಳೆಯಬೇಕಿರಲಿಲ್ಲ.

ರಾಜಕೀಯ, ನೆರೆಹೊರೆ ಇಲ್ಲವೇ ಇಲ್ಲ ಎಂದಲ್ಲ. ಗ್ರೀಸ್ ಮತ್ತು ಸೈಪ್ರಸ್ ಒಬ್ಬರಿಗೊಬ್ಬರು 12 ಕೊಡುವುದು ಹಳೆಯ ನಗೆಹನಿ. 2022ರಲ್ಲಿ ಯುದ್ಧದ ನಡುವೆ ಹಾಡಿದ ಉಕ್ರೇನ್‌ಗೆ ಜನ 439 ಅಂಕ ಕೊಟ್ಟರು. ಆದರೆ ಇಂಥ ಪ್ರೀತಿ ಅಂಕ ಕೂಡಿಸಬಲ್ಲದು. ಎಲ್ಲರಿಂದಲೂ ಸೊನ್ನೆ ತರಿಸಲು ಅದರಿಂದಾಗದು. ಯಾವ ದೇಶದ ವಿರುದ್ಧವೂ ಮತ ಹಾಕುವ ಗುಂಡಿ ವೀಕ್ಷಕರ ಫೋನಿನಲ್ಲಿ ಇಲ್ಲ. ಬ್ರೆಕ್ಸಿಟ್ ವಾದಕ್ಕೆ ವರ್ಷಗಳೇ ಹೊಂದುವುದಿಲ್ಲ: ಜನಮತಗಣನೆ ನಡೆದದ್ದು 2016ರ ಜೂನ್‌ನಲ್ಲಿ. ಅದಕ್ಕೂ ಮೊದಲೇ 2008ರಲ್ಲಿ, 2010ರಲ್ಲಿ ಬ್ರಿಟನ್ ಕೊನೆಯ ಸ್ಥಾನಕ್ಕೆ ಬಿದ್ದಿತ್ತು. ಗಣನೆಯ ಮರುವರ್ಷ ಲೂಸಿ ಜೋನ್ಸ್ 111 ಅಂಕ ತಂದು ಸ್ಥಾನವನ್ನು 24ರಿಂದ 15ಕ್ಕೆ ಏರಿಸಿದರು.

ಹೆಸರಿದ್ದವರನ್ನು ಕಳಿಸಿದರೆ ಸರಿಹೋದೀತು ಎಂಬ ಉಪಾಯವೂ ನಡೆಯಿತು. 2012ರಲ್ಲಿ ಬಾಕುವಿಗೆ ಹೋದವರು ಎಂಗಲ್‌ಬರ್ಟ್ ಹಂಪರ್ಡಿಂಕ್, 76 ವರ್ಷ. (ಅವರು ಹುಟ್ಟಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ, 1936ರಲ್ಲಿ.) ಮೊದಲನೆಯವರಾಗಿ ಹಾಡಿ 12 ಅಂಕ, 25ನೇ ಸ್ಥಾನ. ಮರುವರ್ಷ ಬಾನಿ ಟೈಲರ್, 19ನೇ ಸ್ಥಾನ. ಮೂವತ್ತು ವರ್ಷದ ಹಿಂದಿನ ಹೆಸರು ಇವತ್ತು ರಾತ್ರಿ ಮತ ಹಾಕುವ ಹುಡುಗನನ್ನು ಫೋನ್ ಎತ್ತುವಂತೆ ಮಾಡುವುದಿಲ್ಲ. 2019ರದ್ದು ಇನ್ನೂ ಚುಚ್ಚುವಂಥದ್ದು. ಮೈಕಲ್ ರೈಸ್ ಹಾಡಿದ ಬ್ರಿಟನ್‌ನ ಹಾಡು ಬರೆದವರಲ್ಲಿ ಒಬ್ಬರು ಸ್ವೀಡನ್‌ನ ಜಾನ್ ಲುಂಡ್ವಿಕ್. ಅದೇ ರಾತ್ರಿ ಅವರು ತಮ್ಮ ದೇಶಕ್ಕೆ ತಾವೇ ಬೇರೆ ಹಾಡು ಹಾಡಿ 5ನೇ ಸ್ಥಾನಕ್ಕೆ ಬಂದರು. ಬ್ರಿಟನ್‌ಗೆ ಸಿಕ್ಕ ಹಾಡು 11 ಅಂಕದೊಂದಿಗೆ ಕೊನೆಗೆ.

ಇಟಲಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಕೊರತೆ ಎಲ್ಲಿದೆ ಎಂದು ತಿಳಿಯುತ್ತದೆ. ಅದಕ್ಕೂ ಖಾಯಂ ಜಾಗ, ಅದೂ ಜರಡಿ ಇಲ್ಲದ ದೇಶ. ಆದರೂ 2011ರಿಂದ 2025ರ ತನಕ ಮೊದಲ ಹತ್ತರಿಂದ ಹೊರಬಿದ್ದದ್ದು 2014 ಮತ್ತು 2016ರಲ್ಲಿ ಮಾತ್ರ. ಅವರ ಹಾಡು ಬರುವುದು ಸಾಮಾನ್ಯವಾಗಿ 1951ರಿಂದ ನಡೆಯುತ್ತಿರುವ ಸಾನ್‌ರೆಮೊ ಉತ್ಸವದಿಂದ. ದೇಶದ ದೊಡ್ಡ ಕಲಾವಿದರು ಅಲ್ಲಿ ಸಂಕೋಚವಿಲ್ಲದೆ ಸ್ಪರ್ಧಿಸುತ್ತಾರೆ, ಗೆದ್ದ ಹಾಡು ಮೇ ತಿಂಗಳ ಹೊತ್ತಿಗೆ ಆಗಲೇ ಜನರ ಬಾಯಲ್ಲಿರುತ್ತದೆ. ಸೆಮಿಫೈನಲ್ ಇಲ್ಲದಿದ್ದರೇನು, ಜರಡಿ ಮನೆಯಲ್ಲೇ ಆಗಿರುತ್ತದೆ. ಬ್ರಿಟನ್‌ನಲ್ಲಿ ಅಂಥ ವೇದಿಕೆ ಇಲ್ಲ. ಸೋತರೆ ನಗೆಪಾಟಲು ಎಂಬ ಭಯಕ್ಕೆ ದೊಡ್ಡವರು ಹತ್ತಿರ ಸುಳಿಯುವುದಿಲ್ಲ, ದೊಡ್ಡವರು ಬಾರದ್ದಕ್ಕೆ ಸೋಲು ತಪ್ಪುವುದಿಲ್ಲ.

2022ರಲ್ಲಿ ಈ ಸುತ್ತು ಒಮ್ಮೆ ಮುರಿಯಿತು. ಬಿಬಿಸಿ ಕಲಾವಿದರ ನಿರ್ವಹಣೆಯ ಸಂಸ್ಥೆಯೊಂದರ ಜೊತೆ ಕೂಡಿ ಸ್ಯಾಮ್ ರೈಡರ್‌ನನ್ನು ಆರಿಸಿತು. ಲಾಕ್‌ಡೌನ್‌ನಲ್ಲಿ ಟಿಕ್‌ಟಾಕ್‌ನಲ್ಲಿ ಹಾಡಿ ಒಂದು ಕೋಟಿಗೂ ಹೆಚ್ಚು ಹಿಂಬಾಲಕರನ್ನು ಗಳಿಸಿದ್ದ ಹುಡುಗ, ಹಾಡು ಬರೆದವರಲ್ಲಿ ಅವನೂ ಒಬ್ಬ. ಸ್ಪರ್ಧೆಗೆ ಮುಂಚೆ ಯುರೋಪಿನ ದೇಶಗಳನ್ನು ಸುತ್ತಿ ಹಾಡಿ ಬಂದ. ಟ್ಯುರಿನ್‌ನ ವೇದಿಕೆಯಲ್ಲಿ ತಾರಸ್ಥಾಯಿಯ ಸ್ವರಗಳನ್ನು ಅಳುಕಿಲ್ಲದೆ ಹಿಡಿದ, ನಡುವೆ ಗಿಟಾರ್ ಎತ್ತಿಕೊಂಡ. ತೀರ್ಪುಗಾರರ ಪಟ್ಟಿಯಲ್ಲಿ ಮೊದಲ ಸ್ಥಾನ, 283, ಜನರಿಂದ 183, ಒಟ್ಟು 466. ಹಿಂದಿನ ವರ್ಷ ಸೊನ್ನೆ ಕೊಟ್ಟದ್ದು ಇದೇ ಯುರೋಪು, ಬ್ರಿಟನ್ ಆಗಲೂ ಒಕ್ಕೂಟದಿಂದ ಹೊರಗೇ ಇತ್ತು. ಮರುವರ್ಷ, ಆ ಸಲ ಗೆದ್ದಿದ್ದ ಉಕ್ರೇನ್ ಪರವಾಗಿ ಲಿವರ್‌ಪೂಲ್‌ನಲ್ಲೇ ಸ್ಪರ್ಧೆ ನಡೆಸಿದಾಗ ಬ್ರಿಟನ್‌ನ ಗಾಯಕಿ ಮೇ ಮುಲ್ಲರ್‌ಗೆ 24 ಅಂಕ, 25ನೇ ಸ್ಥಾನ. ಒಂದು ವರ್ಷ ನೆಟ್ಟಗಾದ ಮಾತ್ರಕ್ಕೆ ಆಯ್ಕೆಯ ಪದ್ಧತಿ ನೆಟ್ಟಗಾಗಲಿಲ್ಲ.

ಮುಂದಿನ ಸಲ ಇಂಥ ಸುದ್ದಿ ಬಂದಾಗ ನೀವೇ ಪರೀಕ್ಷಿಸಬಹುದು. ಯೂರೋವಿಷನ್‌ನ ಅಧಿಕೃತ ತಾಣದಲ್ಲಿ ಫೈನಲ್‌ನ ಪೂರ್ತಿ ಫಲಿತಾಂಶ ಹಾಕುತ್ತಾರೆ. ಒಟ್ಟು ಅಂಕ ಬಿಡಿ, ತೀರ್ಪುಗಾರರ ಕಾಲಂ ಮತ್ತು ಜನರ ಕಾಲಂ ಬೇರೆ ಬೇರೆ ನೋಡಿ. ಆಮೇಲೆ ಒಂದೊಂದೇ ದೇಶ ತೆರೆದು, ಅಂಕ ಸಿಗದ ಹಾಡುಗಳ ಸ್ಥಾನ ನೋಡಿ. ಹೆಚ್ಚಿನ ಕಡೆ 11ರಿಂದ 15 ಇದ್ದರೆ ಹಾಡು ಸಪ್ಪೆ. ಎಲ್ಲ ಕಡೆ 24, 25 ಇದ್ದರೆ ಹಾಡುಗಾರಿಕೆಯಲ್ಲೇ ಎಡವಟ್ಟಾಗಿದೆ. ತೀರ್ಪುಗಾರರು ಆರನೇ ಸ್ಥಾನ ಕೊಟ್ಟ ದೇಶದಲ್ಲೇ ಜನ ಇಪ್ಪತ್ತಕ್ಕೆ ತಳ್ಳಿದ್ದರೆ, ಅದು ಅಚ್ಚುಕಟ್ಟಾಗಿ ಹಾಡಿದ, ಮರುಕ್ಷಣ ಮರೆತುಹೋದ ಹಾಡು.