ಸೊನ್ನೆಯಲ್ಲಿ ಕಳೆದುಹೋದ ಕುಂಬಳೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ವಾಚನಾಲಯಕ್ಕೆ ಸದಸ್ಯರ ಪಟ್ಟಿಯ ವೆಬ್ ಪುಟ ಮಾಡಿಕೊಟ್ಟಿದ್ದೆ. ಒಂದು ವಾರ ಕಳೆದಿರಬಹುದು, ಅಲ್ಲಿನ ಮಾಷ್ಟ್ರು ಫೋನ್ ಮಾಡಿದರು. “ಕುಂಬಳೆ ಅಂತ ಹುಡುಕಿದ್ರೆ ಆ ಊರಿನ ಕೆಲವರು ಬರುವುದೇ ಇಲ್ಲ ಮಾರಾಯ. ಪಟ್ಟಿ ತೆರೆದು ನೋಡಿದ್ರೆ ಎಲ್ಲರೂ ಉಂಟು.”

ನಾನು ಮೊದಲು ನನ್ನ ಕೋಡನ್ನೇ ಕೆದಕಿದೆ. ಆಮೇಲೆ ಡೇಟಾಬೇಸ್. ಎರಡು ಸಂಜೆ ಹೋಯಿತು. ಕೊನೆಗೆ ಬ್ರೌಸರಿನಲ್ಲಿ ಎಫ್12 ಒತ್ತಿ, ಕೋಡ್ ಬರೆದು ಪರೀಕ್ಷಿಸುವ ಕನ್ಸೋಲ್ ತೆರೆದೆ. ಹುಡುಕಿದರೆ ಸಿಗದ ಒಂದು ವಿಳಾಸವನ್ನು ಅಲ್ಲಿಗೆ ಹಾಕಿ, ಒಂದೊಂದೇ ಚಿಹ್ನೆಯ ಯುನಿಕೋಡ್ ಸಂಖ್ಯೆ, ಅಂದರೆ ಕಂಪ್ಯೂಟರ್ ಆ ಚಿಹ್ನೆಯನ್ನು ಗುರುತಿಸುವ ನಂಬರ್, ನೋಡುತ್ತಾ ಹೋದೆ. ‘ಕು’ ಆದ ಮೇಲೆ 3202 ಇರಬೇಕಿತ್ತು. ಅದು ಅನುಸ್ವಾರ. ಅಲ್ಲಿದ್ದದ್ದು 3302. ಅದು ಕನ್ನಡ ಅಂಕಿಯ ಸೊನ್ನೆ. ಕಣ್ಣಿಗೆ ಎರಡೂ ಒಂದೇ ಉರುಟು. ಕಂಪ್ಯೂಟರಿಗೆ ಒಂದು ಅಕ್ಷರದ ಭಾಗ, ಇನ್ನೊಂದು ಲೆಕ್ಕದ ಅಂಕಿ.

ಟೈಪ್ ಮಾಡಿದವರ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಶಾಲೆಯಲ್ಲಿ ‘ಅಂ’ ಬರೆಯಲು ಅ ಪಕ್ಕ ಸೊನ್ನೆ ಹಾಕು ಎಂದೇ ನಮಗೆಲ್ಲ ಕಲಿಸಿದ್ದು, ಅಲ್ವಾ? ಕೀಲಿಮಣೆಯಲ್ಲಿ ಸೊನ್ನೆ ಕಂಡರೆ ಅದನ್ನೇ ಒತ್ತುತ್ತಾರೆ. ಸರಿ ಮಾಡಬೇಕಾದವರು ಸಾಫ್ಟ್‌ವೇರ್ ಬರೆಯುವ ನಾವು.

ಇಂಥದ್ದು ಇದೊಂದೇ ಅಲ್ಲ. ನಮ್ಮ ಜಿಲ್ಲೆಯ ಹೆಸರನ್ನೇ ತೆಗೆದುಕೊಳ್ಳಿ. ‘ಕಾಸರಗೋಡು’ ಎಷ್ಟು ಅಕ್ಷರ? ಮಗು ಐದು ಎನ್ನುತ್ತದೆ. ಜಾವಾಸ್ಕ್ರಿಪ್ಟ್‌ನ ಲೆಂಗ್ತ್, ಅಂದರೆ ವೆಬ್ ಪುಟದ ಕೋಡಿನಲ್ಲಿ ಪದದ ಉದ್ದ ಹೇಳುವ ಸಲಕರಣೆ, ಎಂಟು ಎನ್ನುತ್ತದೆ, ಯಾಕೆಂದರೆ ಅದು ಕ ಬೇರೆ, ದೀರ್ಘ ಬೇರೆ ಎಂದು ಎಣಿಸುತ್ತದೆ. ಯುಟಿಎಫ್-8 ಎಂಬ ಉಳಿಸುವ ಕ್ರಮದಲ್ಲಿ ಅದಕ್ಕೆ 24 ಬೈಟ್ ಜಾಗ ಬೇಕು. ಇಲ್ಲಿಗೂ ಮುಗಿಯುವುದಿಲ್ಲ. ‘ಗೋ’ದಲ್ಲಿರುವ ಓಕಾರವನ್ನು ಒಂದೇ ಚಿಹ್ನೆಯಾಗಿ, 3275 ಎಂದು ಬರೆಯಬಹುದು. 3270, 3266, 3285 ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಎರಡನೆಯ ರೀತಿಯಲ್ಲಿ ಕಾಸರಗೋಡಿನ ಉದ್ದ ಹತ್ತು. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಫೈಲಿನ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿದ್ದವು. ಪರದೆಯ ಮೇಲೆ ಎರಡೂ ‘ಕಾಸರಗೋಡು’ ಒಂದೇ ಥರ ಕಾಣುತ್ತವೆ. ಹೋಲಿಸಿ ನೋಡಿದರೆ ಕಂಪ್ಯೂಟರ್ ಬೇರೆ ಬೇರೆ ಎನ್ನುತ್ತದೆ. ಇದಕ್ಕೆ ಮದ್ದು ಸುಲಭ. ಹೋಲಿಸುವ ಮೊದಲು ಎರಡನ್ನೂ ನಾರ್ಮಲೈಸ್ ಮಾಡಿ, ತುಂಡುಗಳು ಕೂಡಿಕೊಂಡಿರುವ ಎನ್‌ಎಫ್‌ಸಿ ರೂಪಕ್ಕೆ ತಂದರಾಯಿತು. ಆದರೆ ಸೊನ್ನೆಯ ತಪ್ಪನ್ನು ಅದು ಮುಟ್ಟುವುದಿಲ್ಲ. ಯುನಿಕೋಡ್ ಲೆಕ್ಕದಲ್ಲಿ ಅಂಕಿ ಅಂಕಿಯೇ.

ಎಸ್‌ಎಂಎಸ್ ಕಳಿಸುವವರಿಗೂ ಈ ಲೆಕ್ಕ ತಾಗುತ್ತದೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಚಿಹ್ನೆ. ಕನ್ನಡದಲ್ಲಿ 70. ಆ 70ರಲ್ಲಿ ‘ಕಾಸರಗೋಡು’ ಒಂದೇ ಎಂಟನ್ನು ತಿನ್ನುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಮಂಜೇಶ್ವರ. ನಮ್ಮಲ್ಲಿ ವೆಬ್ ಪುಟ ಎಂದರೆ ಸಾಮಾನ್ಯವಾಗಿ ಮಲಯಾಳ, ಕನ್ನಡ ಎರಡೂ ಬೇಕು. ಫೋನಿನ ಸಣ್ಣ ಪರದೆಗಾಗಿ ಉದ್ದದ ಹೆಸರನ್ನು ಕತ್ತರಿಸಬೇಕಾಗುತ್ತದೆ. ಎಲ್ಲಿ ಕತ್ತರಿಸಬಹುದು ಎಂದು ತಿಳಿಯಲು ಜಾವಾಸ್ಕ್ರಿಪ್ಟ್‌ನಲ್ಲಿ ಸೆಗ್ಮೆಂಟರ್ ಎಂಬ ಸಲಕರಣೆ ಇದೆ. ಅದು ಯುನಿಕೋಡಿನ ನಿಯಮವನ್ನು ನೋಡಿ ನಡೆಯುತ್ತದೆ. 2023ರಲ್ಲಿ ಬಂದ ಯುನಿಕೋಡ್ 15.1ರಲ್ಲಿ ಒತ್ತಕ್ಷರಗಳನ್ನು ಒಡೆಯಬಾರದು ಎಂಬ ಹೊಸ ನಿಯಮ ಸೇರಿತು. ಆಗ ಅದರ ಪಟ್ಟಿಯಲ್ಲಿದ್ದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ. ಕನ್ನಡ ಇರಲಿಲ್ಲ. ಆ ನಿಯಮದ ಪ್ರಕಾರ ಮಲಯಾಳದ ‘ಶ್ವ’ ಒಂದು ಅಕ್ಷರ, ಕನ್ನಡದ ‘ಶ್ವ’ ಎರಡು. ಮಂಜೇಶ್ವರವನ್ನು ಮೂರನೆಯದಕ್ಕೆ ಕತ್ತರಿಸಿದರೆ ‘ಮಂಜೇಶ್’ ಎಂದಾಗುತ್ತದೆ. ಊರು ಹೋಗಿ ಹುಡುಗನ ಹೆಸರು ಬರುತ್ತದೆ! ಈಗ ನಾನು ಸೆಗ್ಮೆಂಟರ್ ಕೊಟ್ಟ ತುಂಡು ‘ಶ್’ನಲ್ಲಿರುವಂಥ ಅರ್ಧಾಕ್ಷರದ ಚಿಹ್ನೆಯಲ್ಲಿ, ಅಂದರೆ 3277ರಲ್ಲಿ ಮುಗಿದರೆ ಮುಂದಿನ ವ್ಯಂಜನವನ್ನೂ ಅದಕ್ಕೇ ಅಂಟಿಸಿಕೊಳ್ಳುತ್ತೇನೆ.

ಇದನ್ನೆಲ್ಲ ಪ್ರೋಗ್ರಾಮರುಗಳ ಬಳಗದಲ್ಲಿ ಕೇಳುವುದು ಹೇಗೆ ಎಂದು ಇಲ್ಲಿನ ಕಾಲೇಜು ಮಕ್ಕಳು ನನ್ನನ್ನು ಕೇಳುತ್ತಾರೆ. ‘ಕನ್ನಡ ಸರಿಯಾಗಿ ಬರ್ತಾ ಇಲ್ಲ’ ಎಂದು ಸುಮ್ನೆ ಸ್ಕ್ರೀನ್‌ಶಾಟ್ ಹಾಕಬೇಡಿ ಎನ್ನುತ್ತೇನೆ. ಓದುವವರಿಗೆ ನಮ್ಮ ಲಿಪಿ ಬಾರದಿರಬಹುದು. ಲಿಪಿ ಬಂದರೂ ಚಿತ್ರದಲ್ಲಿ 3202 ಯಾವುದು, 3302 ಯಾವುದು ಎಂದು ಯಾರಿಗೆ ತಿಳಿಯುತ್ತದೆ? ಪದವನ್ನು ಪಠ್ಯವಾಗಿಯೇ ಕೊಡಿ. ಜೊತೆಗೆ ಅದರ ಸಂಖ್ಯೆಗಳನ್ನು ಸಾಲಾಗಿ ಕೊಡಿ. ಎಷ್ಟು ಬರಬೇಕಿತ್ತು, ಎಷ್ಟು ಬಂತು, ಯಾವ ಬ್ರೌಸರ್, ಯಾವ ಆವೃತ್ತಿ, ಇಷ್ಟು ಸಾಕು. ನನ್ನ ಮಂಜೇಶ್ವರದ ಉದಾಹರಣೆ ನಾಲ್ಕು ಸಾಲಿನದ್ದು. ಕನ್ನಡದ ಒಂದಕ್ಷರ ಬಾರದವರೂ ಅದನ್ನು ಓಡಿಸಿ ನೋಡಬಹುದು. ದಿನಾ ಈ ಲಿಪಿಯಲ್ಲಿ ಬರೆಯುವ ನಾವು ಹೇಳದಿದ್ದರೆ ಸಲಕರಣೆ ಮಾಡುವವರಿಗೆ ಇದು ಕಾಣುವುದಾದರೂ ಹೇಗೆ? ಮುಂದೆ ತುಳುವಿಗೂ ಈ ಕೆಲಸ ಇದೆ. 2024ರ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿದೆ. ಅದರ ಒತ್ತಕ್ಷರಗಳನ್ನೂ ಯಾರಾದರೂ ಕೂತು ಪರೀಕ್ಷಿಸಬೇಕು.

ವಾಚನಾಲಯದ ಪಟ್ಟಿಗೆ ನಾನು ಮಾಡಿದ್ದು ಇಷ್ಟು. ಜನ ಬರೆದದ್ದನ್ನು ತಿದ್ದಲಿಲ್ಲ. ಪಕ್ಕದಲ್ಲಿ ಹುಡುಕಾಟಕ್ಕೆಂದೇ ಇನ್ನೊಂದು ಪ್ರತಿ ಇಟ್ಟೆ. ಅದರಲ್ಲಿ ಕನ್ನಡ ಅಕ್ಷರದ ಅಥವಾ ಕಾಗುಣಿತ ಚಿಹ್ನೆಯ ಬೆನ್ನಿಗೇ ಸೊನ್ನೆ ಬಂದರೆ ಅದನ್ನು ಅನುಸ್ವಾರ ಮಾಡುತ್ತೇನೆ. ಅಂಕಿಯ ಬೆನ್ನಿಗೆ ಬಂದರೆ ಮುಟ್ಟುವುದಿಲ್ಲ. ಇಲ್ಲದಿದ್ದರೆ ‘೧೦’ ಕೆಡುತ್ತದೆ. ಅಕ್ಷರಗಳು ಹೇಗೆ ಕೂಡಬೇಕು, ಕೂಡಬಾರದು ಎಂದು ಹೇಳುವ, ಕಣ್ಣಿಗೆ ಕಾಣದ 8204 ಮತ್ತು 8205 ಎಂಬ ಎರಡು ಚಿಹ್ನೆಗಳನ್ನೂ ಈ ಪ್ರತಿಯಿಂದ ತೆಗೆಯುತ್ತೇನೆ. ಮೂಲದಿಂದ ತೆಗೆದರೆ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ, ಅದಕ್ಕೇ ಮೂಲಕ್ಕೆ ಕೈ ಹಾಕಲಿಲ್ಲ. ಹುಡುಕುವವರು ಟೈಪ್ ಮಾಡಿದ್ದಕ್ಕೂ ಇದೇ ಶುದ್ಧಿ.

ಮರುದಿನ ಮಾಷ್ಟ್ರು ಫೋನಿನಲ್ಲೇ ಕುಂಬಳೆ ಎಂದು ಟೈಪ್ ಮಾಡಿ ನೋಡಿದರು. “ಈಗ ಎಲ್ಲರೂ ಬಂದ್ರು,” ಎಂದರು. ಆಮೇಲೆ ಒಂದು ಗಳಿಗೆ ಸುಮ್ಮನಿದ್ದು ಕೇಳಿದರು, “ಅಂದ ಹಾಗೆ, ಮುಳ್ಳೇರಿಯದಲ್ಲೂ ಒಬ್ಬರು ಸಿಗ್ತಾ ಇಲ್ಲ. ಅದರಲ್ಲಿ ಸೊನ್ನೆಯೇ ಇಲ್ಲವಲ್ಲ?”

ಇರಲಿಲ್ಲ. ಅಲ್ಲಿದ್ದದ್ದು ಎರಡು ತುಂಡಾದ ಏಕಾರ.