ಕಾರು ತಗ್ಗಿಸಿದರೆ ಬ್ರೇಕ್‌ಗೂ ಇಎಸ್‌ಸಿಗೂ ಏನಾಗುತ್ತದೆ: ಅಧ್ಯಯನ ಟಿಪ್ಪಣಿ

ಲೋವರಿಂಗ್ ಸ್ಪ್ರಿಂಗ್ (ಕಾರನ್ನು ತಗ್ಗಿಸುವ ಕುಳ್ಳ, ಗಟ್ಟಿ ಸ್ಪ್ರಿಂಗ್) ಹಾಕಿದರೆ ಬ್ರೇಕ್ ಒತ್ತಿದಾಗ ಕಾರಿನ ಮೂತಿ ಕಡಿಮೆ ಬಗ್ಗುತ್ತದೆ, ಹಾಗಾಗಿ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಮೊದಲ ಅರ್ಧ ಸರಿ. ಎರಡನೇ ಅರ್ಧವನ್ನು ಲೆಕ್ಕ ಹಾಕಿಯೇ ನೋಡೋಣ. ಆಮೇಲೆ ಇಎಸ್‌ಸಿ, ಅಂದರೆ ಕಾರು ಜಾರುವಾಗ ತಾನೇ ಬ್ರೇಕ್ ಹಿಡಿದು ಹದಕ್ಕೆ ತರುವ ಎಲೆಕ್ಟ್ರಾನಿಕ್ ವ್ಯವಸ್ಥೆ.

ಟೊಯೋಟಾ 86 ತೆಗೆದುಕೊಳ್ಳಿ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 2570 ಮಿ.ಮೀ. ಡ್ರೈವರ್ ಸೇರಿ ತೂಕ 1300 ಕೆ.ಜಿ., ಗುರುತ್ವ ಕೇಂದ್ರದ ಎತ್ತರ 460 ಮಿ.ಮೀ. ಅಂತ ಇಟ್ಟುಕೊಳ್ಳೋಣ. ತೂಕವನ್ನು ಎತ್ತರದಿಂದ ಗುಣಿಸಿ, ವೀಲ್‌ಬೇಸ್‌ನಿಂದ ಭಾಗಿಸಿ. 1 ಜಿ ಬ್ರೇಕಿಂಗ್‌ನಲ್ಲಿ (ಗುರುತ್ವದಷ್ಟೇ ಜೋರಾಗಿ ವೇಗ ಇಳಿಸಿದಾಗ) ಸುಮಾರು 233 ಕೆ.ಜಿ. ಭಾರ ಹಿಂದಿನಿಂದ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಈಗ 30 ಮಿ.ಮೀ. ತಗ್ಗಿಸಿ. ಉತ್ತರ ಸುಮಾರು 218. ವ್ಯತ್ಯಾಸ ಬರೀ 15 ಕೆ.ಜಿ. ಅದೂ ಇಡೀ ಕಾರು 30 ಮಿ.ಮೀ. ಇಳಿಯಿತು ಅಂದುಕೊಂಡರೆ ಮಾತ್ರ. ಇಳಿಯುವುದು ಬಾಡಿ, ಚಕ್ರ ಮತ್ತು ಡಿಸ್ಕ್ ಇದ್ದಲ್ಲೇ ಇರುತ್ತವೆ, ಅಲ್ವಾ?

ಪರೀಕ್ಷೆಗೆ ಓದುವವರು ಎಡವುವ ಜಾಗ ಇದೇ. ಮೂತಿ ಬಗ್ಗುವುದು ಬೇರೆ, ಭಾರ ಮುಂದಕ್ಕೆ ಹೋಗುವುದು ಬೇರೆ. ಭಾರ ಎಷ್ಟು ಹೋಗುತ್ತದೆ ಅನ್ನೋದನ್ನು ಎತ್ತರ, ವೀಲ್‌ಬೇಸ್ ಮತ್ತು ಎಷ್ಟು ಜೋರಾಗಿ ನಿಲ್ಲಿಸುತ್ತಿದ್ದೀರಿ ಅನ್ನೋದು ತೀರ್ಮಾನಿಸುತ್ತದೆ, ಆ ಸೂತ್ರದಲ್ಲಿ ಸ್ಪ್ರಿಂಗ್‌ನ ಗಡಸುತನ ಎಲ್ಲೂ ಬರುವುದಿಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಅದೇ ಭಾರಕ್ಕೆ ಕಾರು ಕಡಿಮೆ ಬಗ್ಗುತ್ತದೆ, ಅಷ್ಟೇ. ಹಿಂದಿನ ಚಕ್ರಗಳಿಗೆ ಉಳಿದ ಆ 15 ಕೆ.ಜಿ.ಯನ್ನು ಇಬಿಡಿ (ಮುಂದೆ ಹಿಂದೆ ಬ್ರೇಕ್ ಒತ್ತಡ ಹಂಚುವ ವ್ಯವಸ್ಥೆ) ಇರುವ ಕಾರು ಚಕ್ರದ ವೇಗ ನೋಡಿಕೊಂಡು ತಾನೇ ಸಂಭಾಳಿಸುತ್ತದೆ.

ಹಳೆಯ ಕಾರು, ಪಿಕಪ್‌ಗಳ ಕಥೆ ಬೇರೆ. ಕೆಲವುಗಳಲ್ಲಿ ಹಿಂದಿನ ಬ್ರೇಕ್‌ಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ, ಅದರ ಕಡ್ಡಿ ಆಕ್ಸಲ್‌ಗೆ ಸೇರಿರುತ್ತದೆ. ಬಾಡಿ ಕೆಳಗೆ ಕೂತಷ್ಟೂ ಗಾಡಿಯಲ್ಲಿ ಲೋಡ್ ಜಾಸ್ತಿ ಇದೆ ಅಂತ ಅದು ತಿಳಿದು ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಬಿಡುತ್ತದೆ. ಕಾರು ತಗ್ಗಿಸಿ ಆ ಕಡ್ಡಿಯನ್ನು ಹೊಂದಿಸದೆ ಬಿಟ್ಟರೆ, ಖಾಲಿ ಗಾಡಿಯಲ್ಲೂ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಹಿಂಭಾಗ ಪಕ್ಕಕ್ಕೆ ಜಾರಬಹುದು. ಇದು ನಿಜವಾಗಿಯೂ ಅಪಾಯ.

ಹೊಸ ಕಾರಿನಲ್ಲಿ ದೊಡ್ಡ ಸಮಸ್ಯೆ ಅಂದರೆ ಸಸ್ಪೆನ್ಷನ್‌ಗೆ ಉಳಿಯುವ ಜಾಗ. ಶಾಕ್ ಅಬ್ಸಾರ್ಬರ್ ಹಳೆಯದೇ ಇಟ್ಟು ಸುಮ್ನೆ ಸ್ಪ್ರಿಂಗ್ ಮಾತ್ರ ಕುಳ್ಳಗಿನದು ಹಾಕಿದರೆ, ಚಕ್ರ ಮೇಲೇಳಲು ಇದ್ದ ಜಾಗದಲ್ಲಿ 30 ಮಿ.ಮೀ. ಮೊದಲೇ ಖರ್ಚಾಗಿರುತ್ತದೆ. ಬ್ರೇಕ್ ಒತ್ತಿದಾಗ ಮೂತಿ ಇನ್ನಷ್ಟು ಇಳಿದು ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರ್ ತುಂಡು) ಮುಟ್ಟುತ್ತದೆ. ಆಗಲೇ ಒಂದು ಉಬ್ಬು ಬಂತು ಅನ್ನಿ. ಚಕ್ರ ಮೇಲೇಳಲು ಜಾಗವಿಲ್ಲ, ಇಡೀ ಕಾರು ಎಗರುತ್ತದೆ, ಟೈರ್ ಮೇಲಿನ ಭಾರ ಒಂದು ಕ್ಷಣ ಇಳಿದುಹೋಗುತ್ತದೆ. ಬ್ರೇಕ್ ಒತ್ತಡ ಹಾಗೇ ಇದೆ, ಹಿಡಿತ ಇಲ್ಲ, ಚಕ್ರ ತಟ್ಟನೆ ನಿಧಾನವಾಗುತ್ತದೆ. ಎಬಿಎಸ್‌ಗೆ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದು ಲಾಕ್ ಆಗುತ್ತಿರುವ ಚಕ್ರದ ಹಾಗೆಯೇ ಕಾಣುತ್ತದೆ, ಒತ್ತಡ ಬಿಟ್ಟುಬಿಡುತ್ತದೆ. ಅಷ್ಟರಲ್ಲಿ ಟೈರ್ ಮತ್ತೆ ನೆಲ ಕಚ್ಚಿರುತ್ತದೆ, ಆದರೆ ಒತ್ತಡ ಮತ್ತೆ ಏರಲು ಸಮಯ ಬೇಕು. ನುಣುಪು ರಸ್ತೆಯಲ್ಲಿ ಚೆನ್ನಾಗಿ ನಿಂತ ಕಾರು ಗುಂಡಿ ರಸ್ತೆಯಲ್ಲಿ ಮುಂದೆ ಮುಂದೆ ಹೋಗುವುದು ಹೀಗೆ.

ತಿರುವಿನಲ್ಲಿ ಹಿಂದಿನ ಹೊರ ಚಕ್ರ ಬಂಪ್ ಸ್ಟಾಪ್ ಮುಟ್ಟಿದರೆ ಆ ಮೂಲೆ ಏಕಾಏಕಿ ಗಟ್ಟಿಯಾಗಿ ಹಿಂಭಾಗ ಹಿಡಿತ ಬಿಡುತ್ತದೆ. ಮುಂದಿನದು ಮುಟ್ಟಿದರೆ ಮೂತಿ ತಿರುಗಲು ಒಲ್ಲೆ ಅನ್ನುತ್ತದೆ.

ಜೊತೆಗೆ ಜ್ಯಾಮಿತಿಯೂ ಬದಲಾಗುತ್ತದೆ. 86ರ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬವಾಗಿರುವ ಸಸ್ಪೆನ್ಷನ್) ಇದೆ. ಇಂಥ ಕಾರು ತಗ್ಗಿಸಿದಾಗ ಲೋಯರ್ ಆರ್ಮ್‌ನ (ಚಕ್ರವನ್ನು ಬಾಡಿಗೆ ಸೇರಿಸುವ ಕೆಳಗಿನ ತೋಳು) ಹೊರ ತುದಿ ಒಳ ತುದಿಗಿಂತ ಮೇಲೆ ಬರಬಹುದು. ಆಗ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಬಾಡಿಗಿಂತ ಜಾಸ್ತಿ ಇಳಿಯುತ್ತದೆ, ಅಂದರೆ ಅದಕ್ಕೂ ಗುರುತ್ವ ಕೇಂದ್ರಕ್ಕೂ ನಡುವಿನ ಅಂತರ ಹೆಚ್ಚಿ ಕಾರು ವಾಲುವ ಒಲವು ಕೂಡ ಹೆಚ್ಚುತ್ತದೆ. ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಕಡ್ಡಿ) ಮತ್ತು ಆರ್ಮ್ ಒಂದೇ ಕಮಾನಿನಲ್ಲಿ ಚಲಿಸದಿದ್ದರೆ ಪ್ರತಿ ಉಬ್ಬಿಗೂ ಟೋ (ಚಕ್ರ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಕೋನ) ಬದಲಾಗುತ್ತದೆ, ಬ್ರೇಕ್ ಹಿಡಿದಾಗ ಕಾರು ಅತ್ತಿತ್ತ ಎಳೆದಂತೆ ಅನ್ನಿಸುತ್ತದೆ.

ಈಗ ಇಎಸ್‌ಸಿ. ಸ್ಟೀರಿಂಗ್ ಕೋನ ಮತ್ತು ವೇಗ ನೋಡಿ, ಈ ಕಾರು ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗಬೇಕು ಅಂತ ಅದು ಮೊದಲು ಲೆಕ್ಕ ಹಾಕುತ್ತದೆ. ಯಾ (yaw) ಸೆನ್ಸರ್ ನಿಜವಾಗಿ ಎಷ್ಟು ತಿರುಗುತ್ತಿದೆ ಅಂತ ಹೇಳುತ್ತದೆ. ಎರಡರ ನಡುವಿನ ಅಂತರ ಮಿತಿ ದಾಟಿದರೆ ಒಂದು ಚಕ್ರದ ಬ್ರೇಕ್ ಹಿಡಿಯುತ್ತದೆ: ಹಿಂಭಾಗ ಜಾರಿದರೆ ಮುಖ್ಯವಾಗಿ ಮುಂದಿನ ಹೊರ ಚಕ್ರ, ಮೂತಿ ಜಾರಿದರೆ ಸಾಮಾನ್ಯವಾಗಿ ಹಿಂದಿನ ಒಳ ಚಕ್ರ. ಆ ಮೊದಲ ಲೆಕ್ಕದೊಳಗೆ ಇರುವುದು ಕಂಪನಿಯಿಂದ ಹೊರಬಿದ್ದ ದಿನದ ಕಾರು. ನೀವು ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿದ್ದು ಅದಕ್ಕೆ ಗೊತ್ತೇ ಇಲ್ಲ. ಕಾರು ಅದು ಎಣಿಸಿದ್ದಕ್ಕಿಂತ ಚುರುಕಾಗಿ ತಿರುಗಿದರೆ, ಜಾರುತ್ತಿದೆ ಅಂತಲೇ ಅದು ಭಾವಿಸುತ್ತದೆ.

ಅಲೈನ್ಮೆಂಟ್ ಆದಮೇಲೆ ನೇರ ರಸ್ತೆಯಲ್ಲಿ ಸ್ಟೀರಿಂಗ್ 5 ಡಿಗ್ರಿ ಓರೆ ನಿಂತಿದೆ ಅನ್ನಿ. 13:1 ಸ್ಟೀರಿಂಗ್ ಅನುಪಾತದಲ್ಲಿ ಅದು ಚಕ್ರದ ಹತ್ತಿರ 0.4 ಡಿಗ್ರಿಯೂ ಇಲ್ಲ. ಆದರೆ 100 ಕಿ.ಮೀ. ವೇಗದಲ್ಲಿ, ಅಂಡರ್‌ಸ್ಟಿಯರ್ (ಸ್ಟೀರಿಂಗ್ ತಿರುಗಿಸಿದಷ್ಟು ಮೂತಿ ತಿರುಗದಿರುವುದು) ಲೆಕ್ಕಕ್ಕೆ ಹಿಡಿಯದ ಸರಳ ಸೂತ್ರದ ಪ್ರಕಾರ, ಸೆಕೆಂಡಿಗೆ ಸುಮಾರು 4 ಡಿಗ್ರಿ ತಿರುಗಬೇಕಿತ್ತು ಅಂತ ಬರುತ್ತದೆ. ಕಾರು ನೇರ ಹೋಗುತ್ತಿದೆ! ಸಣ್ಣ ಓರೆಯನ್ನು ಅನೇಕ ಕಾರುಗಳು ತಾವೇ ಕಲಿತುಕೊಳ್ಳುತ್ತವೆ, ಆದರೂ ಸ್ಟೀರಿಂಗ್ ಆಂಗಲ್ ಸೆನ್ಸರ್‌ನ ಸೊನ್ನೆಯನ್ನು ಸ್ಕ್ಯಾನ್ ಟೂಲ್‌ನಲ್ಲಿ ನೋಡಿಸಿಕೊಳ್ಳಿ.

ಸಸ್ಪೆನ್ಷನ್ ಮತ್ತು ಇಎಸ್‌ಸಿ ಎಷ್ಟು ಹತ್ತಿರದ ನಂಟು ಅನ್ನೋದಕ್ಕೆ ಮೊದಲ ತಲೆಮಾರಿನ ಆಡಿ ಟಿಟಿ ಒಳ್ಳೆ ಉದಾಹರಣೆ. 1998ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದ ಅಪಘಾತಗಳಾದವು. ಆಡಿ ಸಸ್ಪೆನ್ಷನ್ ಭಾಗಗಳನ್ನು ಬದಲಿಸಿತು, ಹಿಂದೆ ಸ್ಪಾಯ್ಲರ್ ಕೂರಿಸಿತು, ಇಎಸ್‌ಪಿಯನ್ನೂ (ಇಎಸ್‌ಸಿಗೇ ಇನ್ನೊಂದು ಹೆಸರು) ತಂದಿತು. ಒಂದನ್ನು ಮುಟ್ಟಿ ಇನ್ನೊಂದನ್ನು ಬಿಡಲಿಲ್ಲ. ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ಇಎಸ್‌ಸಿ ಪರೀಕ್ಷೆಯಲ್ಲಿ 80 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ಅತ್ತಿತ್ತ ಜೋರಾಗಿ ತಿರುಗಿಸುತ್ತಾರೆ. ಸ್ಟೀರಿಂಗ್ ನೇರಕ್ಕೆ ಬಂದು 1 ಸೆಕೆಂಡಿನೊಳಗೆ ಕಾರಿನ ತಿರುಗುವಿಕೆ ಗರಿಷ್ಠದ 35 ಶೇಕಡಾಕ್ಕೆ, 1.75 ಸೆಕೆಂಡಿನೊಳಗೆ 20 ಶೇಕಡಾಕ್ಕೆ ಇಳಿಯಬೇಕು. ಪಾಸಾಗಿರುವುದು ಕಂಪನಿಯ ಸ್ಪ್ರಿಂಗ್ ಇರುವ ಕಾರು.

ನಿಮ್ಮ ಕಾರಿನಲ್ಲಿ ಎಷ್ಟು ಜಾಗ ಉಳಿದಿದೆ ಅಂತ ನೋಡಲು ಶಾಕ್‌ನ ರಾಡ್ ಕಾಣುವಂತಿದ್ದರೆ ಅದಕ್ಕೊಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿಯಾಗಿ ಕಟ್ಟಿ, ಶಾಕ್‌ನ ಬಾಡಿಗೆ ತಾಗುವ ಹಾಗೆ ಸರಿಸಿಡಿ. ಖಾಲಿ ಜಾಗದಲ್ಲಿ ಕೆಲವು ಸಲ ಜೋರಾಗಿ ಬ್ರೇಕ್ ಹಿಡಿದು ವಾಪಸ್ ಬಂದು ನೋಡಿ. ಟೈ ಬಂಪ್ ಸ್ಟಾಪ್‌ವರೆಗೂ ಜರುಗಿದ್ದರೆ ಆ ಸ್ಪ್ರಿಂಗ್ ಬಿಚ್ಚಿಸಿ, ಇಲ್ಲವೇ ಕಡಿಮೆ ಉದ್ದಕ್ಕೆಂದೇ ಮಾಡಿದ ಶಾಕ್ ಜೊತೆಗೆ ಹಾಕಿಸಿ.